ಜಗಲಿಯ ದತ್ತು ಪ್ರಾಧಿಕಾರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಮನೆಗಳಲ್ಲಿ ದತ್ತು ಎಂಬುದು ಬಹುಕಾಲ ಮಗುವಿಗೆ ತಂದೆ-ತಾಯಿಯರನ್ನಲ್ಲ, ಆಸ್ತಿಗೆ ವಾರಸುದಾರನನ್ನೂ ಪಿಂಡಕ್ಕೆ ಕರ್ತೃವನ್ನೂ ಹುಡುಕುವ ವ್ಯವಹಾರವಾಗಿದ್ದುದರಿಂದ, ಅಮೆರಿಕದಲ್ಲಿ ನೆಲೆಸಿದ ಸಿದ್ದಾಪುರದ ದಂಪತಿ ಹೆಣ್ಣುಮಗುವೊಂದನ್ನು ಕರೆದೊಯ್ಯಲು ಬಂದರೆ, ಸರ್ಕಾರದ ‘ಗೃಹ ಅಧ್ಯಯನ’ಕ್ಕಿಂತ, ಅಂದರೆ ಅವರ ಮನೆ, ಆದಾಯ, ಆರೋಗ್ಯಗಳ ಪರಿಶೀಲನೆಗಿಂತ, ಜಗಲಿಯ ವಿಚಾರಣೆಯೇ ಕಠಿಣವಾಗಿರುತ್ತದೆ.

ದೊಡ್ಡಪ್ಪ: ಮಗುವಿನ ಗೋತ್ರ ಯಾವುದೋ ತಮಾ?

ಮಗ: ಅರ್ಜಿಯಲ್ಲಿ ಆ ಕಲಮೇ ಇಲ್ಲ, ದೊಡ್ಡಪ್ಪಾ.

(ಇದೇ ದೊಡ್ಡಪ್ಪ ಸ್ವಂತ ಮಗನಿಗೆ ವಧು ಸಿಗದೆ ಉತ್ತರ ಭಾರತದವರೆಗೆ ಅಲೆದಾಗ ಗೋತ್ರದ ಪ್ರಶ್ನೆಯನ್ನು ಹುಬ್ಬಳ್ಳಿ ನಿಲ್ದಾಣದಲ್ಲೇ ಇಳಿಸಿದ್ದರೆಂಬುದು ಊರಿಗೆಲ್ಲ ಗೊತ್ತು.)

ದೊಡ್ಡಪ್ಪ: ದತ್ತಹೋಮ?

ಮಗ: ಅದು ಕಡ್ಡಾಯವಲ್ಲವೆಂದು 1956ರ ಹಿಂದೂ ದತ್ತಕ ಕಾಯ್ದೆಯೇ ಹೇಳಿದೆ. ನಮ್ಮದು 2015ರ ಬಾಲನ್ಯಾಯ ಕಾಯ್ದೆಯ ದಾರಿ. ಆದೇಶ ಕೊಡುವವರು ಜಿಲ್ಲಾಧಿಕಾರಿ.

ದೊಡ್ಡಪ್ಪ: ಆಮೇಲೆ ವಿಮಾನವೋ?

ಮಗ: ಆದೇಶಕ್ಕೆ ಮೊದಲೂ ಕಾಗದ, ಆಮೇಲೂ ಕಾಗದ. ಮಕ್ಕಳು ದೇಶದಿಂದ ದೇಶಕ್ಕೆ ಮಾರಾಟವಾಗದಂತೆ 1993ರಲ್ಲಿ ಆದ ಹೇಗ್ ಒಪ್ಪಂದಕ್ಕೆ 2003ರಲ್ಲಿ ಭಾರತವೂ ಸೇರಿದ್ದರಿಂದ ಎರಡೂ ದೇಶ ಒಪ್ಪಬೇಕು. ಕೇಂದ್ರದ ದತ್ತು ಪ್ರಾಧಿಕಾರವಾದ ‘ಕಾರಾ’ದ ನಿರಾಕ್ಷೇಪಣಾ ಪತ್ರ, ಪಾಸ್‌ಪೋರ್ಟ್, ವೀಸಾ ಎಲ್ಲ ಬೇಕು.

ದೊಡ್ಡಪ್ಪ: ಎರಡು ದೇಶಗಳನ್ನು ಒಪ್ಪಿಸಬಹುದು, ನಿನ್ನ ದೊಡ್ಡಮ್ಮನನ್ನು ಒಪ್ಪಿಸುವವರು ಯಾರು?

ಮಗ: ಅವರು ಆಗಲೇ ಕುಲಾವಿ ಹೊಲಿಯುತ್ತಿದ್ದಾರೆ.

ದೊಡ್ಡಪ್ಪ: ಇರಲಿ. ಆ ಕೂಸಿಗೂ ತೋಟದಲ್ಲಿ ಪಾಲುಂಟೋ?

ಮಗ: ಆದೇಶವಾದ ದಿನದಿಂದ ಕಾನೂನಿನ ಎಲ್ಲ ಅರ್ಥದಲ್ಲೂ ಅವಳು ನಮ್ಮ ಮಗಳು.

ದೊಡ್ಡಪ್ಪ: ಜಿಲ್ಲಾಧಿಕಾರಿಗೆ ತಕರಾರು ಅರ್ಜಿ ಕೊಡುವ ಸೌಕರ್ಯವಿದೆಯೋ?