ಎತ್ತಿನ ಹೊಟ್ಟೆಯಲ್ಲಿ ಕ್ಯಾಮೆರಾ

ಹಕ್ಕಿಯ ಫೋಟೋಕ್ಕಾಗಿ ಎತ್ತಿನ ಹೊಟ್ಟೆ ಹೊಕ್ಕವರ ಕಥೆ ಕೇಳಿದ್ದೀರಾ? ಇಂಗ್ಲೆಂಡಿನ ಯಾರ್ಕ್‌ಷೈರ್‌ನ ತ್ವೇಟ್ ಎಂಬ ಪುಟ್ಟ ಹಳ್ಳಿಯ ರಿಚರ್ಡ್ ಮತ್ತು ಚೆರಿ ಕೀರ್ಟನ್, ಕುರಿ ಕಾಯುವ ಸೀಮೆಯ ಅಣ್ಣತಮ್ಮಂದಿರು. 1892ರಲ್ಲಿ ಮೊಟ್ಟೆಯಿದ್ದ ಗೂಡೊಂದರ ಚಿತ್ರ ತೆಗೆದರು. ಮೊಟ್ಟೆಗಳು ಸಭ್ಯ ಜೀವಿಗಳು, ಅಲ್ಲಾಡದೆ ಕೂರುತ್ತವೆ. ತಾಯಿ ಹಕ್ಕಿ ಹಾಗಲ್ಲವಲ್ಲ! ಮನುಷ್ಯನ ನೆರಳು ಕಂಡರೆ ಹಾರಿ ಪರಾರಿ.

ಅದಕ್ಕೇ ಎತ್ತಿನ ಚರ್ಮದಿಂದ ಒಂದು ಪೊಳ್ಳು ಎತ್ತು ಮಾಡಿಸಿದರು. ಒಳಗೆ ಮನುಷ್ಯ, ಜೊತೆಗೆ ಕ್ಯಾಮೆರಾ. ಹಕ್ಕಿಗಳು ನಂಬಿದವು. ಹೊಲದ ಹಸುಗಳು ಏನೆಂದುಕೊಂಡವೋ, ಅವುಗಳ ಹೇಳಿಕೆ ಯಾರೂ ಪಡೆದಿಲ್ಲ. ಒಮ್ಮೆ ಈ ಬಸವಣ್ಣ ಒಳಗಿದ್ದವರ ಸಮೇತ ಉರುಳಿ ಕಾಲು ಮೇಲೆ ಮಾಡಿತು. ಅದರ ಫೋಟೋವೂ ಇದೆ! ಅಂದರೆ ಎತ್ತನ್ನು ಎತ್ತುವ ಮೊದಲು ಯಾರೋ ಕ್ಯಾಮೆರಾ ಎತ್ತಿದ್ದಾರೆ. ನಿಜವಾದ ಫೋಟೋಗ್ರಾಫರ್ ಎಂದರೆ ಇವನೇ. ನಮ್ಮ ಮದುವೆಮನೆಯಲ್ಲಿ ಧಾರೆಗೆ ಅಡ್ಡ ನಿಲ್ಲುವವನ ಪೂರ್ವಜ.

ಈಗ ಇಂಗ್ಲೆಂಡಿನಲ್ಲಿ ಹಕ್ಕಿಯ ಫೋಟೋಕ್ಕೆ ಎತ್ತು ಬೇಕಿಲ್ಲ, ಹಸಿರು ಬಣ್ಣದ ಗುಡಾರ ಸಾಕು. ಫ್ಲಾಸ್ಕಿನಲ್ಲಿ ಚಹಾ, ಮೇಲೆ ಜಿಟಿಜಿಟಿ ಮಳೆ. ಆದರೆ 1981ರ ವನ್ಯಜೀವಿ ಕಾಯ್ದೆಯಂತೆ ಮಿಂಚುಳ್ಳಿ, ಕಣಜದ ಗೂಬೆಯಂಥವಕ್ಕೆ ಗೂಡಿನ ಬಳಿ ತೊಂದರೆ ಕೊಡುವುದು ಅಪರಾಧ. ಅಲ್ಲಿ ಹತ್ತಿರದಿಂದ ಕ್ಲಿಕ್ಕಿಸಲು ಲೈಸೆನ್ಸ್ ಬೇಕು. ಕುರಿಗಳಿಗೆ ಮಾತ್ರ ಈ ತಕರಾರಿಲ್ಲ. ಲೆನ್ಸಿನ ಎದುರೇ ಬಂದು ನಿಂತು ಮೆಲುಕು ಹಾಕುತ್ತವೆ.