ಟ್ರಯಲ್ ಕ್ಲಾಸ್ ರಾಯರು

ಬ್ಯಾಂಕಿನಿಂದ ನಿವೃತ್ತರಾದ ಮರುದಿನವೇ ರಾಯರು ಯೋಗ ಕಲಿಯುವುದೆಂದು ತೀರ್ಮಾನಿಸಿದರು. ಅದಾಗಿ ಎರಡು ವರ್ಷ. ಇಷ್ಟರಲ್ಲಿ ಹನ್ನೊಂದು ಕಡೆ ಟ್ರಯಲ್ ಕ್ಲಾಸು ಮುಗಿದು, ಹನ್ನೆರಡನೆಯದರ ವಿಚಾರಣೆ ನಡೆದಿದೆ. ಇಂಥವರು ಊರಿಗೊಬ್ಬರು ಇರುತ್ತಾರೆ; ಮೈಸೂರಿನಲ್ಲಿ ಬೀದಿಗೊಬ್ಬರು.

ಸಾಲದ ಅರ್ಜಿಗಳ ಪೂರ್ವಾಪರ ಕೆದಕಿದ ಚಾಳಿ ಪೆನ್ಷನ್ ಬಂದರೆ ಹೋಗುತ್ತದೆಯೆ? ಗುರುವಿನ ಗುರು ಯಾರೆಂದು ತಿಳಿಯದೆ ರಾಯರು ಮ್ಯಾಟ್ ಬಿಚ್ಚುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದ ಕೃಷ್ಣಮಾಚಾರ್ಯರು 1933ರಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರು ಮಾಡಿದ್ದು, ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರೂ ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರಾದದ್ದು, ಅಯ್ಯಂಗಾರರು ಆಚಾರ್ಯರ ಹೆಂಡತಿಯ ತಮ್ಮನೂ ಹೌದೆಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ರಾಯರು ಈವರೆಗೆ ಮಾಡಿರುವ ಪ್ರಾಣಾಯಾಮ ಅದೊಂದೇ.

ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಶನಿವಾರ, ಅಮಾವಾಸ್ಯೆ, ಹುಣ್ಣಿಮೆ ರಜೆ ಎಂದು ಕೇಳಿ ಮನಸ್ಸು ಅತ್ತ ವಾಲಿತ್ತು. ಗೋಕುಲಂ ಕಡೆ ಒಂದು ಕ್ಲಾಸಿಗೂ ಹೋದರು. ಅಲ್ಲಿ ಯಾರೂ ಎಣಿಸಿ ಹೇಳಲಿಲ್ಲ. ಒಬ್ಬೊಬ್ಬರೂ ತಮ್ಮ ಪಾಡಿಗೆ ಬೆವರುತ್ತಿದ್ದರು. ಇವರಿಗೆ ಸೂರ್ಯನಮಸ್ಕಾರ ಮಾತ್ರ ಹೇಳಿಕೊಟ್ಟು, ಅದು ಕೂತ ಮೇಲೆ ಮುಂದಿನದು ಎಂದರು. "ಫೀಸು ಪೂರ್ತಿ, ಆಸನ ಕಂತಿನಲ್ಲಿ!" ಎಂದು ರಾಯರು ವಾಪಸಾದರು. ಅಯ್ಯಂಗಾರ್ ಪದ್ಧತಿಯ ಕ್ಲಾಸಿನಲ್ಲಿ ಬೆಲ್ಟು, ಮರದ ಇಟ್ಟಿಗೆ, ಕುರ್ಚಿ ಎಲ್ಲ ಹಿಡಿಸಿದವು, ಅದರಲ್ಲೂ ಕುರ್ಚಿ. ಆದರೆ ಗೋಡೆಗೆ ಕಟ್ಟಿದ ಹಗ್ಗ ಕಂಡದ್ದೇ ಚಪ್ಪಲಿ ಹುಡುಕಿದರು.

ಮೊನ್ನೆ ಅವರ ಕನ್ನಡಕದ ಡಬ್ಬಿ ಸೋಫಾದಡಿ ಜಾರಿತು. ರಾಯರು ಬಗ್ಗುವ ಬಗ್ಗೆ ಯೋಚಿಸುತ್ತಿದ್ದಾಗಲೇ ಹೆಂಡತಿ ಮಂಡಿ ಮಡಿಸದೆ ಬಗ್ಗಿ ತೆಗೆದುಕೊಟ್ಟರು. ಆಕೆ ವರ್ಷದಿಂದ, ಬೆಳಿಗ್ಗೆ ಐದೂವರೆಗೆ ಹಳೇ ಜಮಖಾನ ಹೊತ್ತು ಪಾರ್ಕಿನ ಉಚಿತ ಕ್ಲಾಸಿಗೆ ಹೋಗುತ್ತಾರೆ.

"ನಿಮ್ಮ ಮೇಷ್ಟ್ರು ಯಾವ ಪರಂಪರೆ?"

"ಅದೆಲ್ಲ ಗೊತ್ತಿಲ್ಲರೀ. ಮಂಡಿ ನೋವು ಅಂದಾಗ ವಜ್ರಾಸನ ಬೇಡ ಅಂದ್ರು. ಎರಡು ದಿನ ಹೋಗದಿದ್ರೆ ಫೋನ್ ಮಾಡಿ ವಿಚಾರಿಸ್ತಾರೆ."

ರಾಯರು ಡಬ್ಬಿ ತೆರೆದು ಕನ್ನಡಕ ಏರಿಸಿದರು. "ಸರಿ, ಅವರ ಸರ್ಟಿಫಿಕೇಟು ಇನ್ನೂರು ಗಂಟೆಯದೋ, ಐನೂರು ಗಂಟೆಯದೋ?"