‘ಹೂಂ’ಕಾರ ಮೀಮಾಂಸೆ: ಕದ್ರಾ ಸೀಮೆಯ ಪ್ರೌಢಶಾಲೆಗಳನ್ನು ಅನುಲಕ್ಷಿಸಿ

ವ್ಯಾಖ್ಯೆ

ಪ್ರೌಢಶಾಲೆಯ ತರಗತಿಯಲ್ಲಿ ಶಿಕ್ಷಕರು ‘ಅರ್ಥ ಆಯ್ತಾ?’ ಎಂದು ಕೇಳಿದೊಡನೆ ವಿದ್ಯಾರ್ಥಿವೃಂದದಿಂದ ಹೊರಡುವ ಅನುನಾಸಿಕ ಧ್ವನಿಗೆ ಹೂಂಕಾರವೆಂದು ಹೆಸರು. ಬಾಯಿ ತೆರೆಯದೆಯೇ ಇದನ್ನು ಹೊರಡಿಸಬಹುದಾದ್ದರಿಂದ ಯಾರು ಅಂದರು, ಯಾರು ಅನ್ನಲಿಲ್ಲ ಎಂಬುದು ಪತ್ತೆಯಾಗುವುದಿಲ್ಲ. ಯುದ್ಧಭೂಮಿಯ ಹೂಂಕಾರದಿಂದ ಹೋರಾಟ ಶುರುವಾಗುತ್ತದೆ. ತರಗತಿಯ ಹೂಂಕಾರದಿಂದ ಮುಗಿಯುತ್ತದೆ.

ತರಬೇತಿ ಸಾಹಿತ್ಯದ ಶೈಲಿಯಲ್ಲಿ ಹೇಳುವುದಾದರೆ ಇದು ‘ಕಲಿಕಾರ್ಥಿಕೇಂದ್ರಿತ ಅನುಕೂಲಿಸುವಿಕೆಯ ಸನ್ನಿವೇಶದಲ್ಲಿ ಪೂರ್ವಜ್ಞಾನದ ಅಲಭ್ಯತೆಯನ್ನು ಸಹಭಾಗಿತ್ವದ ಮೂಲಕ ಸರಿದೂಗಿಸುವ ಸಾಮೂಹಿಕ ರೂಪಣಾತ್ಮಕ ಪ್ರತಿಸ್ಪಂದನೆ’. ಆಡುಮಾತಿನಲ್ಲಿ ಹೇಳುವುದಾದರೆ: ತಲೆಗೆ ಹೋಗಿಲ್ಲ, ಬೆಲ್ ಹೊಡೆದರೆ ಸಾಕು.

ಕ್ಷೇತ್ರ

ಕಾರವಾರ ತಾಲೂಕಿನ ಕದ್ರಾ ಕಾಳಿ ನದಿಯ ದಂಡೆಯಲ್ಲಿದೆ. ಇಲ್ಲಿನ ಅಣೆಕಟ್ಟೆಯ ವಿದ್ಯುದಾಗಾರದ ಸಾಮರ್ಥ್ಯ 150 ಮೆಗಾವ್ಯಾಟ್. ಅದೇ ಜಲಾಶಯದ ಮೇಲ್ಭಾಗದಲ್ಲಿ, ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅದೇ ಪರಿಸರದ ಒಂಬತ್ತನೇ ತರಗತಿಯಲ್ಲಿ ಬೀಜಗಣಿತಕ್ಕೆ ದೊರೆಯುವ ಅಖಂಡ ಗಮನ, ಹೊರಗೆ ಬಸ್ಸಿನ ಹಾರ್ನ್ ಕೇಳಿಸುವವರೆಗೆ ಮಾತ್ರ ಇರುತ್ತದೆ.

ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು: ಕರಾವಳಿಗೆ ಕಾರವಾರ, ಘಟ್ಟದ ಮೇಲಕ್ಕೆ ಶಿರಸಿ. ಹೂಂಕಾರದ ಮಟ್ಟಿಗೆ ಈ ವಿಭಜನೆ ಅನಗತ್ಯ.

ಪ್ರಭೇದಗಳು

ಹೂಂಕಾರದಲ್ಲಿ ಹದಿನಾಲ್ಕು ಪ್ರಭೇದಗಳಿವೆ.

1. ಸಗಟು ಹೂಂ. ಇಡೀ ತರಗತಿ ಒಂದೇ ಶ್ರುತಿಯಲ್ಲಿ ನೀಡುವಂಥದು. ತಪಾಸಣೆಗೆ ಬಂದ ಅಧಿಕಾರಿಗಳಿಗೆ ಇದು ಅತ್ಯಂತ ಪ್ರಿಯ. ಶಿಕ್ಷಕರು ಹಲಗೆಯ ಮೇಲೆ ಲೆಕ್ಕವನ್ನು ತಪ್ಪು ಬಿಡಿಸಿದಾಗಲೂ ಶ್ರುತಿ ಕೆಡುವುದಿಲ್ಲ.

2. ವಿಳಂಬಿತ ಹೂಂ. ಎಲ್ಲರದೂ ಮುಗಿದ ಮೇಲೆ ಕೊನೆಯ ಬೆಂಚಿನಿಂದ ಒಂಟಿಯಾಗಿ ಬರುವಂಥದು. ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೆತ್ತುವ ಕಾಯಕ ನಡೆದಿತ್ತು ಎಂಬುದಕ್ಕೆ ಇದೇ ಪ್ರಮಾಣ. ಕೈವಾರದ ಬೇರೆ ಉಪಯೋಗ ಈ ಪ್ರದೇಶದಲ್ಲಿ ಇನ್ನೂ ದೃಢಪಟ್ಟಿಲ್ಲ.

3. ದ್ವಿಭಾಷಾ ಹೂಂ. ಕಾರವಾರ ಸೀಮೆಯ ಬಹಳಷ್ಟು ಮಕ್ಕಳ ಮನೆಮಾತು ಕೊಂಕಣಿ. ಬಯಲುಸೀಮೆಯಿಂದ ನೇಮಕವಾಗಿ ಬಂದ ಶಿಕ್ಷಕರಿಗೆ ಇದು ಮೊದಲ ತಿಂಗಳಲ್ಲೇ ಪಾಠ ಕಲಿಸುತ್ತದೆ. ಕೊಂಕಣಿಯ ‘ನಾ’ ಎಂದರೆ ‘ಇಲ್ಲ’. ಕನ್ನಡದ ‘ನಾ’ ಎಂದರೆ ‘ನಾನು’. ‘ಕಿಟಕಿ ಗಾಜು ಒಡ್ದಾವ ಯಾರ್ಲೇ? ನೀನಾ?’ ‘ನಾ ಸರ್!’ ಹುಡುಗ ಜೀವ ಹೋಗುವಂತೆ ನಿರಾಕರಿಸಿದಷ್ಟೂ ಅದು ತಪ್ಪೊಪ್ಪಿಗೆಯಾಗಿ ದಾಖಲಾಗುತ್ತದೆ. ಇಂಥ ಎರಡು ಅನುಭವಗಳಾದ ಮೇಲೆ ಹುಡುಗ ಎಲ್ಲ ಪ್ರಶ್ನೆಗೂ ಸಮಾನವಾಗಿ ‘ಹೂಂ’ ಎನ್ನುವುದನ್ನು ರೂಢಿಸಿಕೊಳ್ಳುತ್ತಾನೆ. ಕಲಿಕೆ ನಡೆದಿಲ್ಲವೆಂದು ಯಾರೂ ಹೇಳುವಂತಿಲ್ಲ.

4. ಋತುಮಾನದ ಹೂಂ. ಬಿಸಿಯೂಟದ ಅನಂತರದ ಮೊದಲ ಪೀರಿಯಡ್‌ನಲ್ಲಿ ಇದು ಆಕಳಿಕೆಯೊಂದಿಗೆ ಸಂಧಿಯಾಗುತ್ತದೆ (ಲೋಪಸಂಧಿ, ಲೋಪವಾಗುವುದು ಪಾಠ). ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಸರಿಸುಮಾರು ಒಂದೇ ಹೊತ್ತಿಗೆ ಬರುವುದರಿಂದ, ಆಗಿನ ಹೂಂನಲ್ಲಿ ಗುಮಟೆ ವಾದ್ಯದ ತಾಳವನ್ನೂ ಗುರುತಿಸಬಹುದು.

5 ರಿಂದ 14. ಇವುಗಳ ವಿವರಣೆಯನ್ನು ಕೈಬಿಡಲಾಗಿದೆ. ನಾಲ್ಕು ದಾಟುವಷ್ಟರಲ್ಲಿ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತವೆ.

ಉಗಮ

ಹೂಂಕಾರ ಮಕ್ಕಳಲ್ಲಿ ಹುಟ್ಟುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ತಪ್ಪು. ಅದರ ಉಗಮಸ್ಥಾನ ಶಿಕ್ಷಕರ ತರಬೇತಿ ಕೊಠಡಿ. ಅಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಪರದೆಯ ಮೇಲಿನ ವಾಕ್ಯಗಳನ್ನು ಪರದೆಯಿಂದಲೇ ಓದಿ, ‘ಮಕ್ಕಳಿಗೆ ಉಪನ್ಯಾಸ ಕೊಡಬಾರದು’ ಎಂಬ ವಿಷಯದ ಮೇಲೆ ಮೂರು ತಾಸು ಉಪನ್ಯಾಸ ಕೊಡುತ್ತಾರೆ. ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಮೆಟ್ಟಿಲುಗಳನ್ನು ಹತ್ತಿಸಿ, ಕೊನೆಗೆ ಕೇಳುತ್ತಾರೆ: ‘ಎಲ್ಲರಿಗೂ ಅರ್ಥ ಆಯ್ತಲ್ಲ?’ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಶಿಕ್ಷಕರೆಲ್ಲ ಒಂದೇ ಶ್ರುತಿಯಲ್ಲಿ ‘ಹೂಂ’ ಎನ್ನುತ್ತಾರೆ. ಚಹಾ ಬಂದಿರುತ್ತದೆ.

ಅಲ್ಲಿಂದ ಅದು ಎರಡೂ ದಿಕ್ಕಿಗೆ ಹರಿಯುತ್ತದೆ. ಫಲಿತಾಂಶ ಏರಬೇಕು ಎಂಬ ಆದೇಶ ಮೇಲಿಂದ ಇಳಿದಾಗ ಮುಖ್ಯ ಶಿಕ್ಷಕರು ಹೂಂ ಎನ್ನುತ್ತಾರೆ. ವರದಿ ಮೇಲೇರಿದಾಗ ಕಚೇರಿ ಹೂಂ ಎನ್ನುತ್ತದೆ.

ಮಾಪನ

ಹೂಂಕಾರವನ್ನು ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿಂದ ಅಳೆಯಲಾಗುತ್ತದೆ. ಅಳತೆಯ ಅಂಕಿಗಳನ್ನು ಇಲಾಖೆಯ ಎಸ್‌ಎಟಿಎಸ್ ಎಂಬ ಜಾಲಕ್ಕೆ ಏರಿಸಬೇಕು. ಕಾಡಿನಂಚಿನಲ್ಲಿ ನೆಟ್‌ವರ್ಕ್ ಸಿಗುವುದು ಒಂದು ನಿರ್ದಿಷ್ಟ ಕಲ್ಲಿನ ಮೇಲೆ ನಿಂತಾಗ. ಶಿಕ್ಷಕರು ಕಲ್ಲಿನ ಮೇಲಿರುವಾಗ ತರಗತಿಯಲ್ಲಿ ಯಾರಿರುತ್ತಾರೆಂಬ ಕಾಲಂ ಆ ಜಾಲದಲ್ಲಿಲ್ಲ. ಮಗುವನ್ನು ಕುರಿತು ಬರೆಯುವುದು ಹೆಚ್ಚಿದಷ್ಟೂ ಮಗುವಿನ ಮುಖ ನೋಡುವುದು ಕಡಿಮೆಯಾಗುತ್ತದೆ. ಇದನ್ನು ‘ಸಮಗ್ರ’ ಮೌಲ್ಯಮಾಪನ ಎಂದು ಕರೆಯಲು ನಾಚಿಕೆಯಾಗಬೇಕು.

‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಕಾಲಂ ಮಾತ್ರ ಇದೆ. ಶಾಲೆಗಳನ್ನು ಸಹಿಸಲಾರದೆ ಬಿಟ್ಟ ರವೀಂದ್ರನಾಥ ಟಾಗೋರರು 1880ರ ದಶಕದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿ, ಇಲ್ಲಿಯೇ ನಾಟಕವೊಂದನ್ನು ಬರೆದರು. ಅವರು ಇಂದು ಬಂದಿದ್ದರೆ ಆ ಕಾಲಂನಲ್ಲಿ ಸೇರುತ್ತಿದ್ದರು. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು.

ಮಾದರಿ ಉತ್ತರ

ಮೌಲ್ಯಮಾಪನದ ಕೊನೆಯ ಹಂತ ಮಾದರಿ ಉತ್ತರ. ಸಮಾಜ ವಿಜ್ಞಾನದಲ್ಲಿ ನೈಸರ್ಗಿಕ ವಿಪತ್ತುಗಳ ಪಾಠವಿದೆ. ಪ್ರವಾಹ, ಭೂಕುಸಿತಗಳ ಕಾರಣಗಳನ್ನು ಪಟ್ಟಿ ಮಾಡಬೇಕು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳ ಮನೆಗಳಿಗೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಹೊತ್ತೊಯ್ದಿತು. ಮೂರು ವಾರ ಕಳೆದೊಡನೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು.

ಈ ಮಕ್ಕಳಿಗೆ ಪ್ರವಾಹದ ಕಾರಣ ಗೊತ್ತು. ನೀರು ಯಾವ ಗೋಡೆಯ ಯಾವ ಗುರುತಿನವರೆಗೆ ಬಂತೆಂದು ಗೊತ್ತು. ಅಕ್ಕಿಯ ಡಬ್ಬವನ್ನು ಮೊದಲು ಎತ್ತಬೇಕೋ ಅಜ್ಜಿಯನ್ನೋ ಎಂಬ ಪ್ರಶ್ನೆಗೆ ಉತ್ತರ ಗೊತ್ತು. ಅದನ್ನು ಬರೆದರೆ ಅಂಕವಿಲ್ಲ, ಮಾದರಿ ಉತ್ತರದಲ್ಲಿ ಅದಿಲ್ಲ. ಆದ್ದರಿಂದ ‘ಅತಿವೃಷ್ಟಿ, ಅರಣ್ಯನಾಶ, ಹೂಳು ತುಂಬುವಿಕೆ’ ಎಂದು ಬಾಯಿಪಾಠ ಮಾಡಿಸಬೇಕು. ಮಾಡಿಸಿ, ‘ಅರ್ಥ ಆಯ್ತಾ?’ ಎಂದು ಕೇಳಬೇಕು. ಮನೆಯೊಳಗೆ ಹೊಳೆ ಬಂದುಹೋದ ಹುಡುಗಿ ‘ಹೂಂ ಸರ್’ ಎನ್ನುತ್ತಾಳೆ. ಹದಿನಾಲ್ಕು ಪ್ರಭೇದಗಳಲ್ಲಿ ಇದಕ್ಕೆ ಹೆಸರಿಲ್ಲ, ಇಡುವುದೂ ಬೇಡ.

ಅಪವಾದ

ಬಲು ಅಪರೂಪಕ್ಕೆ ಹೂಂಕಾರದ ಬದಲು ಪ್ರಶ್ನೆ ಬರುವುದುಂಟು. ಸಾಮಾನ್ಯವಾಗಿ ಅದು ಮಳೆಗಾಲದಲ್ಲಿ, ವರ್ಷವಿಡೀ ಬಾಯಿ ತೆರೆಯದ ಮಗುವಿನಿಂದ ಬರುತ್ತದೆ: ‘ಗೇಟು ಯಾವಾಗ ತೆಗೀಬೇಕು ಅಂತ ಯಾರು ಹೇಳ್ತಾರೆ ಸರ್? ನಮಗೆ ಮೊದಲೇ ಯಾಕೆ ಹೇಳೂದಿಲ್ಲ?’

ಇದಕ್ಕೆ ಮಾದರಿ ಉತ್ತರವಿಲ್ಲ. ಅಂಥ ಸಂದರ್ಭದಲ್ಲಿ ಶಿಕ್ಷಕರು ಸೀಮೆಸುಣ್ಣವನ್ನು ಕೆಳಗಿಟ್ಟು, ಕಿಟಕಿಯಾಚೆ ಕಾಳಿಯ ಕಡೆ ನೋಡಿ, ಬಾಯಿ ತೆರೆಯದೆ ‘ಹೂಂ’ ಎನ್ನುತ್ತಾರೆ.